ಇಪ್ಪತ್ತಾರು ಖಾಲಿ ಟ್ರಿಪ್ಪು

ಲಾರಿ ಖರ್ಚಿನಲ್ಲಿ ಬಾಚಣಿಗೆ ಬರುತ್ತದಾ? ನೀವೇ ಹೇಳಿ.

"ಬರಲ್ಲ," ಅಂದೆ ನಾನು. ಕೆಂಪು ಶಾಯಿಯಲ್ಲಿ ಅದರ ಮೇಲೆ ಗೀಟು ಎಳೆದೆ.

"ಯಾಕೆ ಬರಲ್ಲ? ಲಾರೀಲೇ ಇಟ್ಟಿರ್ತೀನಲ್ಲ," ಅಂದರು ಕೆರಿಯಪ್ಪ.

"ಬಾಚೋದು ಲಾರಿ ತಲೆನಾ, ನಿಮ್ಮ ತಲೆನಾ?"

ಅವರು ಆಗಷ್ಟೇ ಬಾಚಿದ್ದ ತಲೆಯ ಮೇಲೆ ಕೈಯಾಡಿಸಿಕೊಂಡು ನನ್ನನ್ನೇ ನೋಡಿದರು. ನೋಡಬೇಕಾದ್ದಕ್ಕಿಂತ ಒಂದು ಚೂರು ಜಾಸ್ತಿ ಹೊತ್ತೇ ನೋಡಿದರು. ಆಮೇಲೆ ಏನೋ ನೆನಪಾದವರ ಥರ ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿದರು. ನಾನು ಮುಂದಿನ ಚೀಟಿ ತೆಗೆದೆ. ಹೊಸ ಶರ್ಟು, ಹನ್ನೊಂದು ರೂಪಾಯಿ.

"ಇದೂ ಲಾರಿ ಖರ್ಚಾ?"

"ಹಳೇದಕ್ಕೆ ಗ್ರೀಸ್ ಹತ್ತಿಸಿದ್ದು ಲಾರಿನೇ ಅಲ್ವಾ?"

ನನಗೆ ನಗು ತಡೆಯಲಾಗಲಿಲ್ಲ. ಶರ್ಟಿಗೂ ಗೀಟು ಬಿತ್ತು.

ಅರವತ್ತೈದನೇ ಇಸವಿಯ ಮಾತಿದು. ನಮ್ಮಪ್ಪ ಹುಲಿಯಪ್ಪ ಸಾಗರದಲ್ಲಿ ಲೆಕ್ಕ ಬರೆಯೋರು. ಊರೆಲ್ಲ ಅವರನ್ನು ರೈಟ್ರು ಅಂತಲೇ ಕರೆಯೋದು. ಮಂಡಿಯವರು, ಲಾರಿಯವರು ಎಲ್ಲ ಇನ್‌ಕಮ್ ಟ್ಯಾಕ್ಸ್ ಫಾರಂ ತುಂಬಿಸೋಕೆ ನಮ್ಮ ಮನೆಗೇ ಬರಬೇಕು. ಅಪ್ಪನ ಕಣ್ಣಿಗೆ ಪೊರೆ ಬಂದಮೇಲೆ ಬರೆಯೋ ಕೆಲಸ ನನಗೆ ಬಂತು. ಎಸ್ಸೆಸ್ಸೆಲ್ಸಿ ಪಾಸು, ಇಪ್ಪತ್ಮೂರು ವರ್ಷ, ಇನ್ನೂ ಮದುವೆ ಇಲ್ಲ, ಮಾತು ಖಾರ. ಜನ ಈ ನಾಲ್ಕನ್ನೂ ಒಂದೇ ಉಸಿರಿಗೆ ಹೇಳೋರು. ಹೇಳಿಕೊಳ್ಳಲಿ, ನನಗೇನು!

ಅಪ್ಪನದು ಒಂದೇ ಹಟ. ದುಡಿಮೆಗೆ ಅಂತ ಮಾಡಿದ ಖರ್ಚನ್ನು ಒಂದು ಕಾಸೂ ಬಿಡದೆ ಬರಿ, ಸ್ವಂತಕ್ಕೆ ಮಾಡಿದ್ದನ್ನು ಒಂದು ಕಾಸೂ ಸೇರಿಸಬೇಡ. ಅಪ್ಪ ಬರೆಸಿದ ಫಾರಂ ಅಂದರೆ ಶಿವಮೊಗ್ಗದ ಆಫೀಸಿನವರು ಎರಡನೇ ಮಾತಿಲ್ಲದೆ ಒಪ್ಪೋರು. ಹೊಲ ಇಲ್ಲ, ತೋಟ ಇಲ್ಲ. ಅಪ್ಪ ಸಂಪಾದಿಸಿದ್ದು ಆ ಹೆಸರೊಂದನ್ನೇ.

ಕೆರಿಯಪ್ಪ ಇರುತ್ತಿದ್ದದ್ದು ಕಾರ್ಗಲ್ಲಿನಲ್ಲಿ. ಮೊದಲು ಯಾರದೋ ಲಾರಿ ಓಡಿಸುತ್ತಿದ್ದರು, ಆಮೇಲೆ ಕಂತಿನ ಮೇಲೆ ಸ್ವಂತದ್ದು ತಗೊಂಡರು. ಪವರ್‌ಹೌಸಿನ ಕೆಲಸಕ್ಕೆ ಸಿಮೆಂಟು, ಕಬ್ಬಿಣ ಸಾಗಿಸೋರು. ಪ್ರತಿ ಶನಿವಾರ ನಾಲ್ಕು ಗಂಟೆಗೆ ನಮ್ಮ ಬೀದಿ ತಿರುವಿನಲ್ಲಿ ಅವರ ಹಾರನ್ ಕೇಳೋದು. "ಇಲ್ಲೇ ಪೇಟೇಲಿ ಲೋಡ್ ಇಳಿಸೋದಿತ್ತು, ಹಾಗೇ ಬಂದೆ," ಅನ್ನೋರು. ವಾರದ ಚೀಟಿಗಳನ್ನು ನನ್ನ ಮುಂದಿಟ್ಟು ಜಗಲಿ ಮೇಲೆ ಕೂರೋರು.

ಆ ಹೊತ್ತಿನ ಬಿಸಿಲು ಜಗಲಿಗೆ ಓರೆಯಾಗಿ ಬೀಳುತ್ತಿತ್ತು. ಶಾಯಿ ಬೇಗ ಒಣಗುತ್ತಿತ್ತು, ಅವರು ಕೂರೋ ಅರ್ಧಗಂಟೆ ಇನ್ನೂ ಬೇಗ ಮುಗಿಯುತ್ತಿತ್ತು. ನಾನು ಕೂಡಿದ್ದನ್ನೇ ಮತ್ತೆ ಕೂಡುತ್ತಿದ್ದೆ. ಬೇಕಂತಲೇ.

ಒಮ್ಮೆ ಅವರು ಹೇಳಿದರು, "ನಾನು ಹುಟ್ಟಿದ ಮನೆ ಈಗ ಅಣೆಕಟ್ಟಿನ ಹಿನ್ನೀರಿನ ಅಡೀಲಿದೆ ಪುಷ್ಪಮ್ಮೋರೆ. ಹೊನ್ನೆಮರಡಿನ ದಡದಲ್ಲಿ ನಿಂತು ನೋಡಿದ್ರೆ, ಅದರ ಮೇಲೇ ದೋಣಿ ಹೋಗ್ತಿರುತ್ತೆ."

"ಬೇಜಾರಾಗಲ್ವಾ?"

"ಆಗುತ್ತೆ. ಆದ್ರೆ ಸಂಜೆ ಹೊತ್ತು ಆ ನೀರು ನೋಡಿದ್ರೆ ಬೈಯೋಕೂ ಬಾಯಿ ಬರಲ್ಲ. ಅಷ್ಟು ಚಂದ."

ಆ ರಾತ್ರಿ ನನ್ನ ಕನಸಿನ ತುಂಬ ನೀರು. ಅದರ ಅಡಿಯಲ್ಲಿ ಒಂದು ಮನೆ, ಅದರ ಬಾಗಿಲಲ್ಲಿ ನಾನೇ ನಿಂತಿದ್ದೆ. ಬೆಳಿಗ್ಗೆ ಎದ್ದು ನನಗೆ ನಾನೇ ಬೈದುಕೊಂಡೆ.

ದೀಪಾವಳಿ ಕಳೆದ ವಾರ ಎರಡು ಸುದ್ದಿ ಒಟ್ಟಿಗೇ ಬಂದವು. ಕೋಣಂದೂರಿನ ಅಂಗಡಿಯವರೊಬ್ಬರು ಮುಂದಿನ ಮಂಗಳವಾರ ನನ್ನನ್ನು ನೋಡೋಕೆ ಬರುತ್ತಾರೆ, ಒಪ್ಪಿಗೆಯಾದರೆ ಅವತ್ತೇ ವೀಳ್ಯ ಬದಲಿಸಿ ಮದುವೆ ನಿಶ್ಚಯ. ಇನ್ನೊಂದು, ಶಿವಮೊಗ್ಗದಿಂದ ನೋಟೀಸು. ಕೆರಿಯಪ್ಪನವರ ಫಾರಂನಲ್ಲಿ ಡೀಸೆಲ್ ಖರ್ಚು ಜಾಸ್ತಿ ಕಾಣುತ್ತದೆ, ಸೋಮವಾರ ಟ್ರಿಪ್ ಪುಸ್ತಕ ತಂದು ತೋರಿಸಬೇಕು.

ಅಪ್ಪನ ಮುಖ ಕಪ್ಪಿಟ್ಟಿತು. "ಮೂವತ್ತು ವರ್ಷಕ್ಕೆ ಇದೇ ಮೊದಲು," ಅಂದರು.

ನಾನು ಡೀಸೆಲ್ ಬಿಲ್ಲುಗಳನ್ನು ಒಟ್ಟು ಹಾಕಿ ಬರೆದಿದ್ದೆನೇ ಹೊರತು ಟ್ರಿಪ್ ಪುಸ್ತಕದ ಜೊತೆ ತಾಳೆ ನೋಡಿರಲಿಲ್ಲ. ಹೇಳಿ ಕಳಿಸಿದ್ದಕ್ಕೆ ಗುರುವಾರ ಪುಸ್ತಕ ತಂದುಕೊಟ್ಟವರು ಲಾರಿಯ ಕ್ಲೀನರ್ ಭೂತಪ್ಪಣ್ಣ. ಐವತ್ತು ದಾಟಿದ ಮನುಷ್ಯ, ಕಂಡದ್ದನ್ನು ಕಂಡ ಹಾಗೇ ಬರೆಯೋರು. ಹೋದ ವರ್ಷದ ದಸರಾದಿಂದ ಈ ವರ್ಷದ ಯುಗಾದಿವರೆಗೆ ಹಾಳೆ ತಿರುವುತ್ತಾ ಹೋದೆ. ಶನಿವಾರ, ಕಾರ್ಗಲ್‌ನಿಂದ ಸಾಗರ, ಖಾಲಿ. ವಾಪಸ್, ಖಾಲಿ. ಮುಂದಿನ ಶನಿವಾರವೂ ಖಾಲಿ. ಎಣಿಸಿದೆ. ಇಪ್ಪತ್ತಾರು.

"ಲೋಡ್ ಇಳಿಸೋಕೆ ಅಂತ ಬರ್ತಿದ್ರಲ್ಲ ಭೂತಪ್ಪಣ್ಣ?"

"ಎಲ್ಲೀ ಲೋಡು ತಂಗಿ! ಎರಡು ಗಂಟೆಗೇ ಸಾಗರ ಮುಟ್ತೀವಿ. ನನ್ನ ಪೇಟೇಲಿ ಇಳಿಸಿ ಅವ್ರು ಎಲ್ಲೋ ಹೋಗ್ತಾರೆ. ನಾನು ಕೇಳಕ್ಕೆ ಹೋಗಿಲ್ಲ."

ಎರಡು ಗಂಟೆಗೆ ಬರುತ್ತಾರೆ, ನಮ್ಮ ಮನೆಗೆ ನಾಲ್ಕಕ್ಕೆ. ನಡುವಿನ ಎರಡು ಗಂಟೆ? ಬಾಚಣಿಗೆ, ಹೊಸ ಶರ್ಟು! ಸಾಗರದಲ್ಲಿ ಇವರಿಗೆ ಯಾರೋ ಒಬ್ಬಳಿದ್ದಾಳೆ. ಅವಳ ಮನೆಯಿಂದ ಎದ್ದು ಬಂದು ನನ್ನ ಮುಂದೆ ಕೂತು ಹಲ್ಲು ಕಿರಿಯುತ್ತಾರೆ. ಮೈಯೆಲ್ಲ ಉರಿದುಹೋಯಿತು. ಉರಿ ಆರಿದ ಮೇಲೆ ಅಳು ಬಂತು. ಎರಡು ದಿನ ಊಟ ಸೇರಲಿಲ್ಲ.

ಶನಿವಾರ ಹಾರನ್ ಕೇಳಿದಾಗ ನಾನು ತಲೆಯೆತ್ತಲಿಲ್ಲ. ಕೆರಿಯಪ್ಪ ಬಂದು ಅಪ್ಪನ ಮುಂದೆ ಒಂದು ಕಾಗದ ಇಟ್ಟರು.

"ಓದು ಪುಷ್ಪಾ," ಅಂದರು ಅಪ್ಪ.

ಮಂಡಿ ವಿಘ್ನೇಶ್ವರ ಅನ್ನೋರ ಸಹಿ ಇತ್ತು. ಶನಿವಾರ ಶನಿವಾರ ಅವರ ಅಕ್ಕಿ ಮೂಟೆಗಳನ್ನು ಈ ಲಾರಿ ಸಾಗರಕ್ಕೆ ತಂದಿದೆ ಅಂತ ಬರೆದಿತ್ತು. ಇದನ್ನು ಹಿಡಿದು ಹೋದರೆ ಅಪ್ಪನ ಹೆಸರು ಉಳಿಯುತ್ತದೆ, ಲಾರಿಯವರ ದುಡ್ಡೂ ಉಳಿಯುತ್ತದೆ. ಮಂಗಳವಾರ ಕೋಣಂದೂರಿನವರು ಬರುತ್ತಾರೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ.

"ಪುಸ್ತಕದಲ್ಲಿ ಖಾಲಿ ಅಂತಿದೆಯಲ್ಲ?" ಅಂದರು ಅಪ್ಪ.

"ಕ್ಲೀನರ್ ತಪ್ಪಾಗಿ ಬರೆದ್ರು ಅಂತ ಹೇಳ್ಬಹುದಂತೆ," ಅಂದರು ಕೆರಿಯಪ್ಪ.

"ಮಂಡಿಯವರು ಹೇಳಿದ್ದು ಬಿಡು. ನೀನು ಹೇಳು ಕೆರಿಯಪ್ಪ. ಅಕ್ಕಿ ತಂದಿದ್ಯಾ?"

ಆ ಹೊತ್ತಿನ ಒಂದೊಂದು ನಿಮಿಷವೂ ನನಗೆ ನೆನಪಿದೆ. ಎದುರು ಮನೆಯ ಕನ್ನಮ್ಮ ಕೊಡಪಾನ ಹೊತ್ತು ಬಾವಿಗೆ ಹೋದಳು, ತುಂಬಿಕೊಂಡು ವಾಪಸೂ ಬಂದಳು. ಕೆರಿಯಪ್ಪ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಕೊನೆಗೆ ಕಾಗದವನ್ನು ನನ್ನ ಕೈಯಿಂದ ತಗೊಂಡು ಎರಡಾಗಿ ಹರಿದರು.

"ಇಲ್ಲ ರೈಟ್ರೇ. ಖಾಲಿ ಲಾರಿನೇ ತಂದಿದ್ದು."

"ಯಾಕೆ?"

"ಪುಷ್ಪಮ್ಮನ್ನ ನೋಡೋಕೆ."



"ಅಷ್ಟು ದೂರದಿಂದ, ಡೀಸೆಲ್ ಸುಟ್ಟುಕೊಂಡು, ಬಸ್ಸಿರೋವಾಗ?" ಅಪ್ಪನಿಗೆ ಮೊದಲು ಕಂಡದ್ದೇ ಅದು, ನೋಡಿ!

"ಬಸ್ಸಲ್ಲಿ ಬಂದ್ರೆ ಏನು ನೆವ ಹೇಳ್ಲಿ? ಲಾರಿ ಇದ್ರೆ ಲೋಡ್ ಅನ್ಬಹುದಿತ್ತು."

"ಸುಳ್ಳು!" ಅಂದುಬಿಟ್ಟೆ ನಾನು. "ಎರಡು ಗಂಟೆಗೇ ಬರ್ತೀರಂತೆ. ನಾಲ್ಕರವರೆಗೆ ಯಾರ ಮನೇಲಿ ಇರ್ತೀರಿ?"

ಅವರು ಬೆಪ್ಪಾಗಿ ನೋಡಿದರು. "ಯಾರ ಮನೇಲೂ ಇಲ್ಲ. ಗಣಪತಿ ಕೆರೆ ದಂಡೇಲಿ. ಮೈಗೆ ಸಿಮೆಂಟು ಮೆತ್ತಿರುತ್ತಲ್ಲ, ಸ್ನಾನ ಮಾಡಿ ಬಟ್ಟೆ ಬದಲಾಯಿಸ್ತೀನಿ. ಇವತ್ತಾದ್ರೂ ಹೇಳ್ಬೇಕು ಅಂತ ಹೇಳೋ ಮಾತನ್ನ ಕೂತು ಜೋಡಿಸ್ಕೊಳ್ತೀನಿ. ಇಲ್ಲಿ ಬಂದು ನಿಮ್ಮ ಮುಖ ನೋಡಿದ್ರೆ ಎಲ್ಲ ಮರೆತುಹೋಗುತ್ತೆ."

ಅಪ್ಪ ನನ್ನ ಕಡೆ ತಿರುಗಿದರು. "ನೀನೇನಂತೀ ಪುಷ್ಪಾ?" ಅಂದರು.

ಎಲ್ಲರ ಬಾಯಿ ಮುಚ್ಚಿಸೋ ನನಗೆ ಒಂದು ಮಾತೂ ಹೊರಡಲಿಲ್ಲ. ಎದ್ದು ಒಳಗೆ ಓಡಿದೆ. ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡಿದರೆ ಅವರು ತಲೆ ತಗ್ಗಿಸಿಕೊಂಡು ಮೆಟ್ಟಿಲಿಳಿಯುತ್ತಿದ್ದರು. ಬೇಡ ಅಂದೆ ಅಂತಲೇ ತಿಳಿದರು, ಪಾಪ. ಕರೆಯೋಕೆ ಬಾಯಿ ತೆರೆದೆ. ಅಷ್ಟರಲ್ಲಿ ಲಾರಿ ಹೊರಟೇಬಿಟ್ಟಿತು. ಆ ರಾತ್ರಿ, ಮರುದಿನ, ಹಗಲೆಲ್ಲ ಒಂದೇ ಗುಂಗು. ಕೆರೆ ದಂಡೆ, ಒದ್ದೆ ತಲೆ, ನನಗಂತ ಜೋಡಿಸಿ ನನ್ನ ಮುಂದೆ ಮರೆತ ಮಾತುಗಳು. ಇಪ್ಪತ್ತಾರು ಸಲ!

ಸೋಮವಾರ ಅಪ್ಪ, ನಾನು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋದೆವು. ಕೆರಿಯಪ್ಪ ಮೊದಲೇ ಬಂದು ಆಫೀಸಿನ ಬಾಗಿಲಲ್ಲಿ ನಿಂತಿದ್ದರು. ನನ್ನ ಕಡೆ ನೋಡಲಿಲ್ಲ.

"ಇಪ್ಪತ್ತಾರು ಟ್ರಿಪ್ಪಿನ ಡೀಸೆಲ್ ಖರ್ಚಿಂದ ತೆಗೆದುಬಿಡಿ ಸಾರ್," ಅಂದರು ಆಫೀಸರಿಗೆ. "ಅದು ಸ್ವಂತ ಖರ್ಚು. ಟ್ಯಾಕ್ಸು, ದಂಡ ಎಷ್ಟಾದ್ರೂ ಕಟ್ತೀನಿ. ರೈಟ್ರದ್ದು ಏನೂ ತಪ್ಪಿಲ್ಲ."

ಆಫೀಸರು ಕನ್ನಡಕ ಸರಿಮಾಡಿಕೊಂಡರು. "ಸ್ವಂತ ಖರ್ಚು ಅಂದ್ರೆ ಏನು? ಸುಮ್ನೆ ಸ್ವಂತ ಅಂದ್ರೆ ಆಗಲ್ಲ, ಕಾರಣ ಬರ್ಕೋಬೇಕು ನಾನು. ಸಾಗರಕ್ಕೆ ಯಾಕೆ ಹೋಗ್ತಿದ್ರಿ?"

ಕೆರಿಯಪ್ಪ ತುಟಿ ಕಚ್ಚಿಕೊಂಡು ನೆಲ ನೋಡಿದರು. ನಾಲ್ಕು ಜನ ಗುಮಾಸ್ತರು ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಅವರ ಮುಂದೆ ನನ್ನ ಹೆಸರು ಎತ್ತೋಕೆ ಇವರಿಗೆ ಮನಸ್ಸಿಲ್ಲ. ಹೇಳದಿದ್ದರೆ ಆಫೀಸರು ಬಿಡೋರಲ್ಲ, ಉಳಿದ ಲೆಕ್ಕವನ್ನೂ ಅನುಮಾನಿಸುತ್ತಾರೆ. ನನಗೆ ತಡೆಯಲಾಗಲಿಲ್ಲ.

"ನನ್ನ ನೋಡೋಕೆ ಬರ್ತಿದ್ರು ಸಾರ್," ಅಂದೆ. ನನ್ನ ದನಿ ಅಷ್ಟು ಜೋರಾಗಿ ಬರುತ್ತದೆ ಅಂತ ನನಗೇ ಗೊತ್ತಿರಲಿಲ್ಲ. "ಪುಸ್ತಕ ತಾಳೆ ನೋಡದೆ ಸೇರಿಸಿದ್ದು ನನ್ನ ತಪ್ಪು. ಇವರು ಎದುರಿಗೆ ಕೂತ್ರೆ ನಂಗೆ ಲೆಕ್ಕದ ಮೇಲೆ ಗಮನ ಇರ್ತಿರ್ಲಿಲ್ಲ. ನಂಗೆ ಇವರೇ ಬೇಕು. ಮದುವೆ ಅಂತ ಆದ್ರೆ ಇವರನ್ನೇ ಆಗೋದು. ಹಾಗೇ ಬರ್ಕೊಳ್ಳಿ ಸಾರ್."

ಅಪ್ಪ ನನ್ನ ತಲೆ ಮೇಲೆ ಕೈಯಿಟ್ಟು, "ಇಲ್ಲಿಂದಲೇ ಕೋಣಂದೂರಿಗೆ ಟೆಲಿಗ್ರಾಂ ಕೊಟ್ಟು ಹೋಗೋಣ. ಅವರು ನಾಳೆ ಸುಮ್ಮನೆ ಬರೋದು ಬೇಡ," ಅಂದರು.

ಆಗ ಕೆರಿಯಪ್ಪ ನನ್ನ ಕಡೆ ತಿರುಗಿದರು. ಅಷ್ಟು ದೊಡ್ಡ ಆಳು, ಎಲ್ಲರ ಎದುರಿಗೆ ಅತ್ತುಬಿಟ್ಟರು. ಆಫೀಸರು ಪೆನ್ನು ಕೆಳಗಿಟ್ಟು, ತಮ್ಮ ನೀರಿನ ಲೋಟವನ್ನು ಅವರ ಕಡೆ ಸರಿಸಿದರು.