ಮೈಗೆ ಹತ್ತಲಿ

ಆ ಶಾಟ್ ಹಾಳು ಮಾಡಿದ್ದು ಪಕ್ಕದ ಮನೆಯ ನಾಯಿಯಲ್ಲ, ಕೂಗುತ್ತ ಬರುವ ಗ್ಯಾಸ್ ಗಾಡಿಯೂ ಅಲ್ಲ. ಸದ್ದು ಹಿಡಿಯಲೆಂದೇ ಬಂದಿದ್ದ ಎಫ್ರಾಯಿನ್.

ಅದು ಎಲ್ವೀರಾಳ ಮೊದಲ ಕಿರುಚಿತ್ರ. ಗಂಡನನ್ನು ಮಣ್ಣು ಮಾಡಿ ಬಂದ ಹೆಂಗಸೊಬ್ಬಳು ಮೊದಲ ಸಲ ಒಬ್ಬಳೇ ಕೂತು ಉಣ್ಣುತ್ತಾಳೆ, ಅಷ್ಟೇ ಕಥೆ. ಪುಯೆಬ್ಲಾ ಊರಿನ ಅವಳದೇ ಅಡುಗೆಮನೆ, ಒಣಮೆಣಸು ಅರೆದು ಅವಳೇ ಕುದಿಸಿದ ಕೋಳಿಸಾರು, ನಟಿಸಲು ಅವಳ ಚಿಕ್ಕಮ್ಮ ಚೋಲೆ. ಮೊದಲ ತುತ್ತು ಬಾಯಿಗಿಟ್ಟು ಚಿಕ್ಕಮ್ಮ ಎದುರಿನ ಖಾಲಿ ಕುರ್ಚಿಯನ್ನು ನೋಡಿದಳು. ಕ್ಯಾಮೆರಾ ಹಿಂದೆ ಎಲ್ವೀರಾಳ ಕಣ್ಣು ಮಂಜಾಯಿತು. ಆಗಲೇ, ಮೈಕಿನ ಕೋಲು ಹಿಡಿದು ನಿಂತಿದ್ದ ಎಫ್ರಾಯಿನ್ ಮೆಲ್ಲಗೆ ಅಂದುಬಿಟ್ಟ:

"ಮೈಗೆ ಹತ್ತಲಿ."

ಉಣ್ಣುವವರನ್ನು ಕಂಡು ಹಾಗೆನ್ನದೆ ಮುಂದೆ ಹೋಗುವವರು ಆ ಊರಲ್ಲಿಲ್ಲ. ಗುರುತು ಪರಿಚಯ ಬೇಕಿಲ್ಲ, ಮಾತು ತಾನಾಗಿಯೇ ಬಾಯಿಗೆ ಬರುತ್ತದೆ. ಚಿಕ್ಕಮ್ಮನೂ ಅಭ್ಯಾಸದಂತೆ ತಲೆ ತಗ್ಗಿಸಿ ನಕ್ಕು ಊಟ ಮುಂದುವರಿಸಿದ್ದಳು.

"ಸದ್ದಾಗತ್ತೆ ಅಂತ ಬೆಳಿಗ್ಗೆ ನನ್ನ ಫ್ರಿಜ್ಜಿನ ವೈರ್ ಕಿತ್ತವರು ನೀವೇ ತಾನೇ?" ಎಲ್ವೀರಾ ಸೊಂಟದ ಮೇಲೆ ಕೈಯಿಟ್ಟಳು.

"ಹೌದು ಡೈರೆಕ್ಟ್ರಮ್ಮಾ. ನನ್ನ ವೈರೂ ಕೀಳಬೇಕಿತ್ತು." ಅವನ ಕಿವಿ ಕೆಂಪಾಗಿತ್ತು.

"ಚಿಕ್ಕಮ್ಮಾ, ಇನ್ನೊಂದು ಸಲ..."

"ಗಂಡ ಎರಡು ಸಲ ಸಾಯ್ತಾನೇನೇ? ಹೊಟ್ಟೆ ತುಂಬ್ತು ನಂಗೆ, ಹೋಗ್ತೀನಿ."

ಹೋದಳು. ಭಾನುವಾರ ಚೌಕದಲ್ಲಿ ಪ್ರದರ್ಶನ. ಇಡೀ ಚಿತ್ರ ನಿಂತಿದ್ದದ್ದೇ ಆ ಒಂದು ನೋಟದ ಮೇಲೆ.

"ನನ್ನ ದನಿ ನಾನೇ ಅಳಿಸಿಕೊಡ್ತೀನಿ," ಎಂದ ಎಫ್ರಾಯಿನ್.

ಸದ್ದುಗಳನ್ನು ಹೊಂದಿಸುವ ಮಿಕ್ಸಿಂಗಿಗೆ ಅದೇ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತ. ಮಾತನ್ನು ಅಳಿಸಿದಾಗ ಅದರ ಜೊತೆ ಚಮಚದ ಸದ್ದೂ ಹೋಗಿತ್ತು. ಚಿಕ್ಕಮ್ಮ ಉಂಡ ಚಮಚವನ್ನೇ ಕೇಳಿ ಪಡೆದ. "ಬೇರೆ ಚಮಚಕ್ಕೆ ಬೇರೆ ಗಂಟಲು," ಎಂದು ತಟ್ಟೆಗೆ ತಾಗಿಸಿದ, ಮತ್ತೆ ತಾಗಿಸಿದ. ಕಣ್ಣು ಮುಚ್ಚಿ ಆಲಿಸುವ ಆ ಮುಖವನ್ನು ಎಲ್ವೀರಾ ಯಾವ ಸಂಕೋಚವೂ ಇಲ್ಲದೆ ನೋಡಿದಳು. ಇಷ್ಟು ಗಮನವಿಟ್ಟು ಕೇಳುವ ಗಂಡಸರೂ ಇರುತ್ತಾರೆಯೇ?

ಮಾತು ಕತ್ತರಿಸಿದ ಕಡೆ, ಶೂಟಿಂಗಿನ ವೇಳೆ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ ಹಿಡಿದಿಟ್ಟಿದ್ದ ಖಾಲಿ ಕೋಣೆಯ ಸದ್ದನ್ನು ತುಂಬಿದ.

"ನಿಮ್ಮ ಅಡುಗೆಮನೆ ಸುಮ್ಮನಿರೋ ರೀತಿನೇ ಬೇರೆ."

"ಅದಕ್ಕೆ ಅಭ್ಯಾಸ ಆಗಿದೆ," ಎಂದಳು. ರೇಡಿಯೋ ಹಾಕಿಕೊಂಡು ಒಬ್ಬಳೇ ಉಂಡ ವರ್ಷಗಳನ್ನು ಅವನಿಗೆ ಹೇಳಿರಲಿಲ್ಲ. ಅವನು ಕೇಳಲೂ ಇಲ್ಲ. ಅವಳ ಕೂದಲನ್ನು ಮೆಲ್ಲಗೆ ಸರಿಸಿ ಕಿವಿಗೆ ಹೆಡ್‌ಫೋನ್ ಇಟ್ಟ.

ಕಳಂಕವಿಲ್ಲದ ಮೌನ. ಅವನ ದನಿಯ ಗುರುತೂ ಉಳಿದಿರಲಿಲ್ಲ. ತೆರೆಯ ಮೇಲೆ ಚಿಕ್ಕಮ್ಮ ತಲೆ ತಗ್ಗಿಸಿ ನಕ್ಕಳು. ಎಲ್ವೀರಾ ತೆರೆಯತ್ತ ಬಾಗಿದಳು.

"ಅವಳು ಯಾರಿಗೆ ನಗ್ತಿದಾಳೆ?"

"ಯಾರಿಗೂ ಇಲ್ಲ. ನನ್ನನ್ನ ತೆಗೆದುಬಿಟ್ಟೆನಲ್ಲ."

"ವಾಪಸ್ ಹಾಕಿ."

"ಅದು ತಪ್ಪು, ಎಲ್ವೀರಾ." ಮೊದಲ ಸಲ ಹೆಸರು ಹಿಡಿದು ಕರೆದಿದ್ದ.

"ಕಿಟಕಿಯಾಚೆ ಹೋಗ್ತಿರೋರು ಯಾರೋ ಅಂದ ಹಾಗೆ ಮಾಡಿ."

ಅವನು ತನ್ನ ದನಿಯನ್ನು ತಗ್ಗಿಸಿದ, ಪಕ್ಕಕ್ಕೆ ಸರಿಸಿದ, ಅದರಡಿಗೆ ಬೀದಿಯ ಗುಜುಗುಜು ಹಾಸಿದ. ಮೈಗೆ ಹತ್ತಲಿ, ಎಂದಿತು ಕಿಟಕಿ. ಚಿಕ್ಕಮ್ಮ ನಕ್ಕಳು. ಈಗ ಆ ನಗೆಗೊಂದು ನೆಲೆಯಿತ್ತು. ಎಲ್ವೀರಾ ಕಣ್ಣೊರೆಸಿಕೊಂಡಳು.

"ದನಿ ಇನ್ನೂ ದೂರ ಬೇಕಾ?"

"ಸಿನಿಮಾದಲ್ಲಿ ಇಷ್ಟು ದೂರ ಸರಿ." ಎದ್ದು ಎರಡು ತಟ್ಟೆಗೆ ಸಾರು ಬಡಿಸಿ, ಒಂದನ್ನು ಎದುರಿನ ಕುರ್ಚಿಯ ಮುಂದಿಟ್ಟಳು. ತೊರ್ತಿಯಾ ರೊಟ್ಟಿ ಮುರಿದು ಸಾರಿಗದ್ದಿ, ತುತ್ತು ಎತ್ತಿ, ಹಾಗೇ ಕಾದಳು.

"ಹೇಳು."

ನೀವು ಹೋಗಿ ನೀನು ಬಂದದ್ದು ಅವನ ಕಿವಿಗೆ ತಪ್ಪಲಿಲ್ಲ. "ಏನಂದೆ?"

"ಕೇಳಿಸ್ಕೊಳ್ಳೋದೇ ಕಸುಬು, ಮತ್ತೆ ಏನಂದೆ ಅಂತೀಯಲ್ಲ! ಸಾರು ಆರತ್ತೆ."

ಎಫ್ರಾಯಿನ್ ಎದುರಿನ ಕುರ್ಚಿ ಎಳೆದು ಕೂತ. "ಮೈಗೆ ಹತ್ತಲಿ," ಎಂದ, ಯಾವ ಮೈಕಿಗೂ ಸಿಗದಷ್ಟು ಮೆಲ್ಲಗೆ.

ಎಲ್ವೀರಾ ತಲೆ ತಗ್ಗಿಸಿ ನಕ್ಕು, ತುತ್ತು ಬಾಯಿಗಿಟ್ಟಳು.