ಮೂವತ್ತೇಳು ದಿನಗಳ ಹೊಲಿಗೆ

"ಮೂವತ್ತೇಳು ದಿನ ತಡವಾಗಿ ಬಂದಿದೆ ಕಣಮ್ಮಾ ನಿಮ್ಮಪ್ಪನ ಮೇಲ್ಮನವಿ. ಕೇಸ್ ನಂಬರ್ ಎಲ್ಲಿಂದ ಕೊಡ್ಲಿ?"

ಕಿಟಕಿಯಾಚೆಯ ಗುಮಾಸ್ತೆ ಹೇಳಿದ್ದು ಮೆತ್ತಗೇ. ಕೇಳಿದವಳಿಗೆ ಮಾತ್ರ ಕೋರ್ಟಿನ ನೆಲವೇ ಕುಸಿದಂತಾಯಿತು.

"ತಡವಾ? ಇನ್ನೂ ಟೈಮಿದೆ ಅಂತ ಅಪ್ಪ ಹೇಳಿದ್ರು!"

"ಅದನ್ನ ನಿಮ್ಮ ವಕೀಲರನ್ನ ಕೇಳಿ. ಅಗೋ, ಓಡಿ ಬರ್ತಿದ್ದಾರಲ್ಲ, ಅವರೇ."

ಅವಳು ತಿರುಗಿದಳು. ಬಗಲಲ್ಲಿ ಕಡತ, ಒಂದು ಹೆಗಲಿಂದ ಜಾರಿದ ಕರಿ ಕೋಟು, ಹಣೆಯ ತುಂಬ ಬೆವರು. ಓಹೋ... ಇವನೇನಾ ಆ 'ನಾಳೆ ಲಾಯರು'!

ಆ ಹೆಸರಿಟ್ಟವಳು ಅವಳೇ. ಎರಡು ತಿಂಗಳಿಂದ ಕೇಸಿನ ಸುದ್ದಿ ಕೇಳಿದಾಗಲೆಲ್ಲ ಅಪ್ಪನದ್ದು ಒಂದೇ ಉತ್ತರ: "ನಾಳೆ ಆಗುತ್ತಂತೆ ಗಿಣೀ." ಹೌದು, ಮನೆಯಲ್ಲಿ ಅವಳ ಹೆಸರು ಗಿಣಿ. ಮಾತು ಶುರು ಮಾಡಿದರೆ ನಿಲ್ಲಿಸುವುದು ಕಷ್ಟ ಅಂತ ಅಪ್ಪ ಇಟ್ಟ ಹೆಸರು. ಆವತ್ತು ಆ ಹೆಸರನ್ನು ಅವಳು ಪೂರ್ತಿ ಉಳಿಸಿಕೊಂಡಳು.

"ರೀ, ನಾಚಿಕೆ ಆಗಲ್ವಾ ನಿಮಗೆ? ನಾಳೆ, ನಾಳೆ, ನಾಳೆ! ನಮ್ಮಪ್ಪನ ಮೂರು ಬೆರಳು ಹೋಗೋಕೆ ಒಂದು ಕ್ಷಣ ಸಾಕಾಯ್ತು. ನಿಮಗೆ ನಾಲ್ಕು ಹಾಳೆ ಕೊಡೋಕೆ ಅರವತ್ತು ದಿನ ಸಾಲಲಿಲ್ವಾ?"

ಸಾಲಿನಲ್ಲಿದ್ದವರೆಲ್ಲ ಕತ್ತು ಹೊರಳಿಸಿದರು. ಅವನು ಬಾಯಿ ತೆರೆದ. ಆಮೇಲೆ ಏನೋ ನೆನಪಾದವನಂತೆ ಮುಚ್ಚಿದ.

"ತಡ ಆಗಿದ್ದು ನಿಜ ಮೇಡಂ," ಎಂದ ಕೊನೆಗೆ. "ನಾನೇ ಮನೆಗೆ ಬಂದು ಕಾಗದ ತಗೊಂಡು ಹೋಗಬೇಕಿತ್ತು. ಹೋಗಲಿಲ್ಲ. ತಡ ಮನ್ನಾ ಮಾಡಿ ಅಂತ ಇನ್ನೊಂದು ಅರ್ಜಿ ಹಾಕ್ತಿದ್ದೀನಿ. ಅದನ್ನ ಒಪ್ಪಿದ್ರೆ..."

"ಒಪ್ಪದಿದ್ರೆ?"

ಅವನು ಜಾರಿದ ಕೋಟನ್ನು ಹೆಗಲಿಗೇರಿಸಿಕೊಂಡ. ಉತ್ತರ ಅವಳಿಗೂ ಗೊತ್ತಿತ್ತು.

ಅವಳ ಅಪ್ಪ ಪುಸ್ತಕ ಕಟ್ಟುವವರು. ಮೂವತ್ತು ವರ್ಷ ಅದೇ ಕೆಲಸ. ಎರಡು ವರ್ಷದ ಹಿಂದೆ ಕಾಗದ ಕತ್ತರಿಸುವ ಯಂತ್ರದ ಅಲಗು ತಾನಾಗಿಯೇ ಇಳಿದು, ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಎರಡನ್ನೇ ಉಳಿಸಿತು. ಉಳಿದವೂ ಸರಿಯಾಗಿ ಮಡಚುತ್ತಿರಲಿಲ್ಲ. ಇನ್ನೊಂದು ಶಸ್ತ್ರಚಿಕಿತ್ಸೆ ಆದರೆ ಮಡಚಬಹುದು ಎಂದಿದ್ದರು ವೈದ್ಯರು. ಅದಕ್ಕೆ ಪರಿಹಾರದ ದುಡ್ಡೇ ಬರಬೇಕು. ಆದರೆ ಕೆಳಗಿನ ನ್ಯಾಯಮಂಡಳಿ ಕೆಲಸ ಕೊಟ್ಟ ಯಜಮಾನನ ಮಾತು ನಂಬಿ, 'ಕೆಲಸಗಾರನ ಸ್ವಂತ ಅಜಾಗರೂಕತೆ' ಎಂದು ಬರೆದು ಅರ್ಜಿ ತಳ್ಳಿಹಾಕಿತ್ತು.

ಕೈ ಹೋದಾಗ ಅಳದ ಅಪ್ಪ ಆ ಮೂರು ಪದ ಓದಿ ಅತ್ತಿದ್ದರು.

ಈ ಬಾಗಿಲೂ ಮುಚ್ಚಿದರೆ ತಟ್ಟಲು ಬೇರೆ ಬಾಗಿಲಿಲ್ಲ!

* * *

ಗಿಣಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಅಂಗಡಿಯ ಗಾಜಿನ ಬಾಗಿಲು ತಳ್ಳಿಕೊಂಡು ಬಂದವನನ್ನು ನೋಡಿ ಅವಳ ಹುಬ್ಬು ಗಂಟಾಯಿತು.

"ಏನು ಬೇಕು?" ಎಂದಳು, ಗಿರಾಕಿಗೆ ಆಡುವ ದನಿಯಲ್ಲಲ್ಲ.

"ಗುರುವಾರ ವಿಚಾರಣೆ. ನೀವು ಬರಲೇಬೇಕು ಅಂತ ಹೇಳೋಕೆ ಬಂದೆ. ಮತ್ತೆ..." ಅವನು ಜೇಬಿನಿಂದ ತೆಗೆದ ಕನ್ನಡಕದ ಒಂದು ಕಡ್ಡಿ ಮುರಿದಿತ್ತು. "ಇದೂ ಇತ್ತು."

ಒಳಗಿಂದ ಅಂಗಡಿಯ ಯಜಮಾನಿ ಕೂಗಿದರು: "ಹೊಸದು ಮಾಡಿಕೊಡು ಗಿಣೀ, ಅಳತೆ ತಗೋ!"

ಬೇರೆ ದಾರಿಯೇ ಇರಲಿಲ್ಲ. ಕಣ್ಣುಗಳ ನಡುವಿನ ಅಂತರ ಅಳೆಯುವ ಸಣ್ಣ ಅಡಿಪಟ್ಟಿ ಹಿಡಿದು ಎದುರಿಗೆ ಕೂತಳು.

"ಅಲುಗಾಡಬೇಡಿ. ನನ್ನ ಹುಬ್ಬಿನ ಮಧ್ಯ ನೋಡಿ."

"ನೋಡ್ತಿದ್ದೀನಿ."

"ನೋಡಿ ಅಂದೆ, ದುರುಗುಟ್ಟಿ ಅನ್ನಲಿಲ್ಲ."

"ಕನ್ನಡಕ ಇಲ್ದಿದ್ರೆ ನನ್ನ ಕಣ್ಣಿರೋದೇ ಹೀಗೆ ಮೇಡಂ..."

ನಗು ಬಂತು. ತಕ್ಷಣ ತುಟಿ ಕಚ್ಚಿಕೊಂಡಳು. ಇವನ ಜೊತೆ ನಗೋದಾ? ಅಪ್ಪನ ಕೇಸು ಕೆಡಿಸಿದವನ ಜೊತೆ?

ಆದರೂ... ದಿನಕ್ಕೆ ಇಪ್ಪತ್ತು ಜನರ ಕಣ್ಣು ಅಳೆಯುವವಳು ಅವಳು. ತಪ್ಪು ಮಾಡಿದವರ ಕಣ್ಣು ಎಲ್ಲಾದರೂ ಒಂದು ಕಡೆ ಜಾರುತ್ತದೆ. ಇವನದು ಜಾರುತ್ತಲೇ ಇಲ್ಲವಲ್ಲ!

"ನಿಜ ಹೇಳಿ," ಎಂದಳು ಅಡಿಪಟ್ಟಿ ಕೆಳಗಿಟ್ಟು. "ಮೂವತ್ತೇಳು ದಿನ ಏನ್ಮಾಡ್ತಿದ್ರಿ?"

ಅವನು ಕುರ್ಚಿಯಿಂದ ಎದ್ದ.

"ಗುರುವಾರ ಬನ್ನಿ," ಎಂದ. "ಇನ್ನೂ ಏನಾದ್ರೂ ಬೈಯೋದಿದ್ರೆ ಆವತ್ತೇ ಬೈಯಿರಿ. ಬೇಡ ಅನ್ನಲ್ಲ."

* * *

ಗುರುವಾರ ಕೋರ್ಟು ಕಿಕ್ಕಿರಿದಿತ್ತು. ಬೆಳಿಗ್ಗೆ ಅಂಗಿಯ ಗುಂಡಿ ಹಾಕಲು ಬಂದ ಮಗಳ ಮುಖವನ್ನು ಅಪ್ಪ ನೋಡಿರಲೇ ಇಲ್ಲ.

ಕೇಸು ಕೂಗಿದರು. ಅವನು ಎದ್ದು ನಿಂತ.

"ತಡಕ್ಕೆ ಕಾರಣವೇನು?" ನ್ಯಾಯಾಧೀಶೆ ಕಡತದಿಂದ ತಲೆ ಎತ್ತದೆ ಕೇಳಿದರು.

"ಮೇಲ್ಮನವಿದಾರರೇ ಪ್ರಮಾಣ ಮಾಡಿ ಹೇಳಿದ್ದಾರೆ. ಓದುತ್ತೇನೆ." ಅವನು ಹಾಳೆ ತೆಗೆದ. ಹೊಸ ಕನ್ನಡಕ ಮೂಗಿನ ಮೇಲೆ ನೆಟ್ಟಗೆ ಕೂತಿತ್ತು. "'ತೀರ್ಪಿನ ಪ್ರತಿ, ಸಾಕ್ಷಿಗಳ ಹೇಳಿಕೆ, ಮೇಲ್ಮನವಿ, ಎಲ್ಲವನ್ನೂ ಓದಿ ಸಹಿ ಮಾಡಿ ಎರಡು ದಿನದಲ್ಲಿ ಕೊಡಿ ಎಂದು ನನ್ನ ವಕೀಲರು ನನಗೆ ಕೊಟ್ಟರು. ಹಾಳೆಗಳು ಬಿಡಿಬಿಡಿಯಾಗಿದ್ದವು. ಮೂವತ್ತು ವರ್ಷ ಪುಸ್ತಕ ಕಟ್ಟಿದ ನನಗೆ ಬಿಡಿ ಹಾಳೆಗಳನ್ನು ಇಷ್ಟು ದೊಡ್ಡ ನ್ಯಾಯಾಲಯಕ್ಕೆ ಕೊಡಲು ಮನಸ್ಸಾಗಲಿಲ್ಲ. ಕಟ್ಟಿ ಕೊಡೋಣ ಎಂದು ಕೂತೆ. ಎಡಗೈಗೆ ಅಭ್ಯಾಸವಿರಲಿಲ್ಲ. ಹೊಲಿದೆ, ಬಿಚ್ಚಿದೆ, ಮತ್ತೆ ಹೊಲಿದೆ. ವಕೀಲರು ದಿನ ಬಿಟ್ಟು ದಿನ ಫೋನು ಮಾಡಿದರು. ನಾಳೆ ಕೊಡುತ್ತೇನೆ ಎಂದು ಅವರಿಗೂ ಹೇಳಿದೆ, ಮನೆಯಲ್ಲಿ ನನ್ನ ಮಗಳಿಗೂ ಹೇಳಿದೆ. ತಪ್ಪು ನನ್ನದು.'"

ಗಿಣಿ ತಟ್ಟನೆ ಅಪ್ಪನತ್ತ ತಿರುಗಿದಳು.

ಅಪ್ಪ! ತಾನು ಅಂಗಡಿಗೆ ಹೋದ ಮೇಲೆ... ಒಬ್ಬರೇ ಕೂತು... ಆ ಕೈಯಲ್ಲಿ!

ಎದುರುಪಕ್ಷದವರು, ಯಜಮಾನನ ವಿಮಾ ಕಂಪನಿಯ ವಕೀಲರು, ನಕ್ಕೇಬಿಟ್ಟರು. "ಹೊಲಿಗೆ ಹಾಕುತ್ತಾ ಕೂತಿದ್ದೆ ಅನ್ನೋದು ಒಂದು ಕಾರಣವೇ? ಇದನ್ನು ಒಪ್ಪಿದರೆ ನಾಳೆ ಎಲ್ಲರೂ ಸೂಜಿ ದಾರ ಹಿಡಿದು ಬರ್ತಾರೆ!"

ಯಾರೋ ಕಿಸಕ್ಕೆಂದರು. ಅಪ್ಪನ ತಲೆ ಎದೆಗಿಳಿಯಿತು.

"ಆ ಪುಸ್ತಕ ಎಲ್ಲಿದೆ?" ಎಂದರು ನ್ಯಾಯಾಧೀಶೆ.

ಕಡುಗೆಂಪು ಬಟ್ಟೆಯ ಬೆನ್ನಿನ, ಗಟ್ಟಿ ರಟ್ಟಿನ ಪುಸ್ತಕ ಮೇಜು ದಾಟಿ ಅವರ ಕೈ ಸೇರಿತು. ಅವರು ನಡುವಿನ ಒಂದು ಪುಟ ತೆರೆದರು. ಕೈ ಬಿಟ್ಟರೂ ಪುಟ ಮಡಚಿಕೊಳ್ಳಲಿಲ್ಲ, ಹಾಗೇ ಚಪ್ಪಟೆಯಾಗಿ ಮಲಗಿತು. ಅವರು ಹೊಲಿಗೆಯ ಸಾಲಿನ ಮೇಲೆ ಬೆರಳು ಸವರಿದರು.

"ಇಲ್ಲಿ ಬನ್ನಿ. ಇದನ್ನ ಎಷ್ಟು ಬೆರಳಲ್ಲಿ ಹೊಲಿದ್ರಿ?"

"ಏಳು, ತಾಯಿ," ಎಂದರು ಅಪ್ಪ. "ಎರಡಕ್ಕೆ ಬಗ್ಗೋಕೆ ಬರಲ್ಲ. ಅವು ಸುಮ್ನೆ ಹಿಡ್ಕೊಂಡಿದ್ವು."

ಈ ಸಲ ಯಾರೂ ನಗಲಿಲ್ಲ.

"ಇಷ್ಟು ಜಾಗರೂಕರಾಗಿ ಕೆಲಸ ಮಾಡುವವರು ಅಜಾಗರೂಕತೆಯಿಂದ ಯಂತ್ರಕ್ಕೆ ಕೈ ಕೊಟ್ಟರೋ ಇಲ್ಲವೋ, ಅದನ್ನು ಪೂರ್ತಿ ವಿಚಾರಣೆಯಲ್ಲಿ ನೋಡೋಣ," ಎಂದರು ನ್ಯಾಯಾಧೀಶೆ. "ಸತ್ಯ ಹೇಳಿದ್ದಾರೆ. ಮೂವತ್ತೇಳು ದಿನದ ವಿಳಂಬ ಮನ್ನಾ ಮಾಡಿದೆ. ಮೇಲ್ಮನವಿ ಸ್ವೀಕರಿಸಿದೆ." ಆಮೇಲೆ ದನಿ ತಗ್ಗಿಸಿ, "ಇನ್ನೊಂದ್ಸಲ ಬಿಡಿ ಹಾಳೇನೇ ಕೊಡಿ ಅಜ್ಜಾರೇ. ನಾವೇನೂ ಅಂದ್ಕೊಳ್ಳಲ್ಲ."

* * *

ಹೊರಗಿನ ಮೊಗಸಾಲೆಯಲ್ಲಿ ಗಿಣಿ ಅಪ್ಪನ ಕೈ ಹಿಡಿದುಕೊಂಡು ಬಿಕ್ಕಿದಳು.

"ನನಗ್ಯಾಕೆ ಹೇಳಲಿಲ್ಲಪ್ಪಾ?"

"ಗುಂಡಿ ಹಾಕೋಕೂ ನೀನೇ ಬೇಕು, ತುತ್ತು ಕಲಸೋಕೂ ನೀನೇ ಬೇಕು. ಒಂದಾದ್ರೂ ನಾನೇ ಮಾಡಿ ತೋರಿಸೋಣ ಅಂದ್ಕೊಂಡೆ. ಅದೇ ಮುಳುವಾಯ್ತು. ಆಮೇಲೆ ನಿನಗೆ ಹೇಳೋಕೆ ಬಾಯೇ ಬರಲಿಲ್ಲ ಮಗಾ. ಕೋರ್ಟಲ್ಲಿ ಓದಿದಾಗ ಅವಳೇ ಕೇಳಿಸ್ಕೊಳ್ಳಲಿ, ಅಲ್ಲೀತನಕ ಹೇಳಬೇಡಪ್ಪಾ ಅಂತ ಆ ಹುಡುಗನ ಹತ್ರ ಮಾತು ತಗೊಂಡೆ." ಅಪ್ಪ ಮೂಗೊರೆಸಿಕೊಂಡರು. "ಪಾಪ, ನಿನ್ನ ಹತ್ರ ಚೆನ್ನಾಗಿ ಬೈಗುಳ ತಿಂದನಂತೆ!"

ಅಷ್ಟರಲ್ಲಿ ಕೋರ್ಟಿನ ದಾಖಲೆ ಕೋಣೆಯವರು ಬಂದು, "ಯಜಮಾನ್ರೇ, ನಮ್ಮ ಹಳೇ ರಿಜಿಸ್ಟರುಗಳ ಬೆನ್ನು ಮುರಿದಿದೆ, ಒಂದು ನಿಮಿಷ ನೋಡ್ತೀರಾ?" ಎಂದರು. ಅಪ್ಪ ಎದೆಯುಬ್ಬಿಸಿ ಅವರ ಹಿಂದೆ ಹೊರಟೇಬಿಟ್ಟರು.

ಅವನು ಲಿಫ್ಟಿನ ಬಳಿ ನಿಂತಿದ್ದ. ಗಿಣಿ ಹತ್ತಿರ ಹೋದಳು.

"ಥ್ಯಾಂಕ್ಸ್ ಅಂದ್ರೆ ಸಾಲಲ್ಲ," ಎಂದಳು. "ತಡಕ್ಕೆ ಕಾಯಿಲೆ ಕಾರಣ ಅಂತ ಬರೆದಿದ್ರೆ ನಿಮಗೂ ಸುಲಭ ಆಗ್ತಿತ್ತು."

"ಎಲ್ರೂ ಅದನ್ನೇ ಹೇಳಿದ್ರು. ಸುಳ್ಳಿಗೆ ಸಹಿ ಹಾಕಲ್ಲ ಅಂದಿದ್ದು ನಿಮ್ಮಪ್ಪ. ಥ್ಯಾಂಕ್ಸ್ ಅವರಿಗೇ ಹೇಳಿ."

"ಅವರಿಗೆ ಜೀವನವೆಲ್ಲ ಹೇಳ್ತೀನಿ. ಈಗ ನಿಮಗೆ. ಎಲ್ಲರೆದುರು ಬಾಯಿಗೆ ಬಂದಂತೆ ಬೈದೆ. ಒಂದು ಮಾತೂ ಆಡದೆ ಹೇಗ್ರೀ ತಡ್ಕೊಂಡ್ರಿ?"

ಅವನು ಕನ್ನಡಕ ತೆಗೆದು ಒರೆಸಿದ. ಅದೇನೂ ಕೊಳೆಯಾಗಿರಲಿಲ್ಲ.

"ನೀವು ಅಪ್ಪನಿಗೋಸ್ಕರ ಬೈತಿದ್ರಿ. ಕೇಳ್ತಾ ಕೇಳ್ತಾ... ನನಗೋಸ್ಕರ ಯಾರಾದ್ರೂ ಒಬ್ಬರು ಊರಿಗೆಲ್ಲ ಕೇಳೋ ಹಾಗೆ ಹೀಗೆ ಜಗಳ ಆಡಿದ್ರೆ ಎಷ್ಟು ಚೆನ್ನಾಗಿರುತ್ತೆ ಅನ್ನಿಸ್ಬಿಡ್ತು."

ಅಯ್ಯೋ, ಇವನ ಮುಂದೆ ಈಗ ಏನು ಹೇಳೋದು?

"ಇನ್ನೂ ಮುಂದೆ ಹೇಳಬೇಕು ಅಂತಿದೆ," ಎಂದ ಅವನು. "ಆದ್ರೆ ನಿಮ್ಮಪ್ಪ ನನ್ನ ಕಕ್ಷಿದಾರರು. ಈ ಕೇಸು ನನ್ನ ಕೈಲಿರೋವಾಗ ನಾನು ನಿಮ್ಮನ್ನ ಏನೂ ಕೇಳಬಾರದು. ಸಹಾಯಕ್ಕೆ ಬೆಲೆ ಕೇಳಿದ ಹಾಗಾಗುತ್ತೆ."

"ಕೇಳಬೇಡಿ," ಎಂದಳು ಗಿಣಿ. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. "ನಾನೇ ಹೇಳ್ತೀನಿ. ನೀವು ನನಗೆ ಇಷ್ಟ. ಋಣಕ್ಕಲ್ಲ. ಋಣ ಬೇರೆ, ಅದನ್ನೂ ಇಟ್ಕೊಂಡಿರ್ತೀನಿ. ಆವತ್ತು ಅಂಗಡೀಲಿ ನಿಮ್ಮ ಕಣ್ಣು ಜಾರಲಿಲ್ಲ ನೋಡಿ, ಆಗಿಂದ."

"ಗಿಣಿ..." ಮೊದಲ ಸಲ ಅವನ ಬಾಯಲ್ಲಿ ಆ ಹೆಸರು.

"ನೀವು ಈಗಲೇ ಏನೂ ಹೇಳಬೇಕಾಗಿಲ್ಲ. ಕಾಯ್ತೀನಿ."

"ಹೇಳೋದೆಲ್ಲ ಮುಖದಲ್ಲೇ ಕಾಣ್ತಿಲ್ವಾ?"

"ಕಾಣ್ತಿದೆ ಬಿಡಿ. ಕಿವಿವರೆಗೂ ಕೆಂಪಾಗಿದೆ."

ಲಿಫ್ಟು ಬಂತು. ಬಾಗಿಲು ತೆರೆಯಿತು. ಒಳಗಿದ್ದ ಮುದುಕ "ಕೆಳಗೆ, ಕೆಳಗೆ!" ಎಂದು ಎರಡು ಸಲ ಕೂಗಿ, ಇಬ್ಬರನ್ನೂ ಒಮ್ಮೆ ನೋಡಿ, ತಾನೇ ಗುಂಡಿ ಒತ್ತಿ ಬಾಗಿಲು ಮುಚ್ಚಿಕೊಂಡು ಹೊರಟುಹೋದ.