ನಿದ್ದೆಹೋದ ಆರು ಪೆಟ್ಟಿಗೆ ಹೂ

"ಅಜ್ಜಿ, ನನ್ನ ಹೂವೆಲ್ಲ ನಿದ್ದೆಹೋಗ್ಬಿಟ್ಟಿವೆ. ಏನು ಮಾಡಿದ್ರೂ ಏಳ್ತಿಲ್ಲ."

ಬಾಗಿಲಲ್ಲಿ ನಿಂತು ಸುವೆನ್ ಹೀಗೆ ಅಂದಾಗ ಅವಳ ಕಣ್ಣಿಂದ ಹರಿದ ನೀರಿಗೆ ಹುವಾಂಗ್‌ಪು ನದಿ ಒಂದು ಗೇಣು ಏರಿತೆಂದು ದಿಂಗ್ ಇಂದಿಗೂ ಪ್ರಮಾಣ ಮಾಡುತ್ತಾನೆ. ಅವನ ಮಾತು ನಂಬಲೇಬೇಕು. ಮೂವತ್ತು ವರ್ಷ ಶಾಂಘೈಯ ಬೀದಿಗಳಲ್ಲಿ ಬಸ್ಸು ಓಡಿಸಿಯೂ ಒಂದು ಇರುವೆಯ ಕಾಲು ತುಳಿಯದ ಮನುಷ್ಯ ಅವನು. ನಿವೃತ್ತನಾದ ಮೇಲೆ ಎದುರುಮನೆಯ ಚಿಯಾವ್ ಅಜ್ಜಿಯ ಬಿಸಿನೀರಿನ ಫ್ಲಾಸ್ಕು ಹೊತ್ತು ಅವಳ ಹಿಂದೆ ತಿರುಗುವುದೇ ಅವನ ಕಾಯಕ.

ಅಜ್ಜಿಯೇನು ಸಾಮಾನ್ಯಳೇ? ರೈಲು ನಿಲ್ದಾಣದಲ್ಲಿ, ಪ್ರಯಾಣಿಕರು ಮರೆತುಹೋದ ಸಾಮಾನುಗಳ ಕೋಣೆಯಲ್ಲಿ, ನಲವತ್ತು ವರ್ಷ ಕೂತವಳು. ಒಂಟಿ ಕೈಗವಸನ್ನು ಮೂಸಿ ನೋಡಿ, ಅದರ ಒಡೆಯ ಯಾವ ಬೋಗಿಯಲ್ಲಿ ಕೂತಿದ್ದ, ಹೊರಡುವಾಗ ಹೆಂಡತಿಯೊಡನೆ ಯಾವ ವಿಷಯಕ್ಕೆ ಜಗಳವಾಡಿದ್ದ ಎಂದು ಹೇಳುತ್ತಿದ್ದಳು. ಆ ವಠಾರದಲ್ಲಿ ಕಳೆದ ಗುಂಡಿಯಿಂದ ಹಿಡಿದು ಕಳೆದ ಗಂಡನವರೆಗೆ ಎಲ್ಲವನ್ನೂ ಹುಡುಕಿಕೊಟ್ಟವಳು ಅವಳೇ.

ಅದು ಮೇ ತಿಂಗಳ ಒಂದು ಶನಿವಾರ. ಸೋಂಕಿನ ಕಾಲ, ವಠಾರದ ಗೇಟಿಗೆ ಬೀಗ ಬಿದ್ದು ನಲವತ್ತು ದಿನವಾಗಿತ್ತು. ಊರು ಎಷ್ಟು ಮೌನವಾಗಿತ್ತೆಂದರೆ ಮೂರನೇ ಮಹಡಿಯಲ್ಲಿ ಅಕ್ಕಿ ತೊಳೆದ ಸದ್ದು ನದಿಯಾಚೆಗೆ ಕೇಳುತ್ತಿತ್ತು. ರಸ್ತೆಬದಿಯ ಮರಗಳಿಂದ ಉದುರಿದ ನವಿರಾದ ನಾರು ಬಿಸಿಲಲ್ಲಿ ತೇಲುತ್ತಿತ್ತು. ಅದರ ನಡುವೆ ಬಿಳಿ ಕವಚ ತೊಟ್ಟ ಸ್ವಯಂಸೇವಕರು ದಾರಿ ತಪ್ಪಿದ ಮೋಡಗಳಂತೆ ಓಡಾಡುತ್ತಿದ್ದರು. ಇದು ಎಚ್ಚರವೋ ಕನಸೋ ಎಂದು ದಿನಕ್ಕೆ ನೂರು ಸಲ ಚಿವುಟಿಕೊಂಡು ದಿಂಗನ ತೋಳು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

ಸುವೆನ್ ಹೋಟೆಲಿನ ಕೆಲಸ ಹೋದ ಮೇಲೆ ಗಲ್ಲಿಯ ತುದಿಯಲ್ಲಿ ಪುಟ್ಟ ಹೂವಿನಂಗಡಿ ತೆರೆದಿದ್ದಳು. ಮೂರೇ ವಾರ, ಅಷ್ಟರಲ್ಲಿ ಊರೇ ಮುಚ್ಚಿತು. ಅಂದಿನಿಂದ ಫೋನಿನ ಗುಂಪಿನಲ್ಲಿ ವಠಾರದವರಿಂದಲೇ ಬೇಡಿಕೆ ಪಡೆದು ಹೂ ತರಿಸುತ್ತಿದ್ದಳು. ನಾಳೆ ಅಮ್ಮಂದಿರ ದಿನ. ಎಂಬತ್ತನಾಲ್ಕು ಮನೆಯವರು ಅಂದು ಅಮ್ಮನಿಗೆ ಕೊಡುವ ಕಾರ್ನೇಶನ್ ಹೂ ಕೇಳಿದ್ದರು. ಗುರುವಾರ ಸಂಜೆ ಕುನ್‌ಮಿಂಗಿನಿಂದ ಲಾರಿಯಲ್ಲಿ ಬಂದ ಆರು ಪೆಟ್ಟಿಗೆಗಳನ್ನು ಸೈಕಲ್ ಶೆಡ್ಡಿನಲ್ಲಿ ಇಳಿಸಿದ್ದರು. ಕಳಿಸಿದವರ ತಪ್ಪಿನಿಂದ ಜತೆಗೆ ಒಂದು ಹೊರೆ ಬಿಳಿ ಸೇವಂತಿಗೆಯೂ ಬಂದಿತ್ತು.

"ಬಣ್ಣ ನೋಡೋಕೆ ಅಂತ ಹನ್ನೊಂದು ಹೂವನ್ನ ಮೇಲೆ ನನ್ನ ಕಿಟಕಿಯಲ್ಲಿ ಇಟ್ಕೊಂಡಿದ್ದೆ. ಅವು ನಗ್ತಾ ಇವೆ. ಕೆಳಗಿನವು ಇವತ್ತು ಬೆಳಿಗ್ಗೆ ನೋಡಿದ್ರೆ ಹೀಗೆ! ಹೆಣಕ್ಕೆ ಇಡೋ ಬಿಳಿ ಸೇವಂತಿಗೆ, ಸಾವಿನ ಹೂ ತಂದಿದ್ದಕ್ಕೇ ಶಾಪ ತಟ್ತು ಅಂತಾರೆ ಕೆಲವರು. ಹಳೇ ಹೂ ಅಂಟಿಸಿದಳು ಅಂತಾರೆ ಉಳಿದವರು. ಸಂಜೆಯೊಳಗೆ ಇತ್ಯರ್ಥ ಆಗದಿದ್ರೆ ವಠಾರದ ಸಮಿತಿ ನನ್ನ ಲಾರೀನ ಇನ್ನು ಗೇಟಿನೊಳಗೆ ಬಿಡಲ್ಲವಂತೆ. ಹಳಸಲು ಮಾಲಿನವಳು ಅಂತ ಹೆಸರು ಬಿತ್ತು ಅಂದ್ರೆ, ಬೀಗ ತೆಗೆದ ಮೇಲೂ ನನ್ನ ಅಂಗಡಿ ಮುಂದೆ ಯಾರು ನಿಲ್ತಾರೆ ಅಜ್ಜಿ?"

ಅಜ್ಜಿ ಸ್ವಯಂಸೇವಕರ ಬಿಳಿ ಕವಚ ತೊಟ್ಟಳು. ಅದರೊಳಗೆ ಅಂಥ ಮೂವರು ಅಜ್ಜಿಯರು ಸಂಸಾರ ಹೂಡಬಹುದಿತ್ತು.

ಶೆಡ್ಡಿನಲ್ಲಿ ಕಾರ್ನೇಶನ್‌ಗಳು ಎಸಳುಗಳನ್ನು ಒಳಕ್ಕೆ ಮಡಚಿ ಹಸುಗೂಸಿನ ಮುಷ್ಟಿಯಂತೆ ಮಲಗಿದ್ದವು. ಪಕ್ಕದ ಬಕೆಟ್ಟಿನಲ್ಲಿ ಸೇವಂತಿಗೆಗಳು ಮಾತ್ರ ಕವಾಯತಿನ ಸಿಪಾಯಿಗಳ ಹಾಗೆ ನಿಂತಿದ್ದವು. ಅಜ್ಜಿ ಪೆಟ್ಟಿಗೆಯೊಳಗೆ ತಲೆ ತೂರಿ ಉಸಿರೆಳೆದಳು; ಆ ರಭಸಕ್ಕೆ ಮೂರು ಬೀದಿಯ ಮರದ ನಾರು ಶೆಡ್ಡಿಗೆ ನುಗ್ಗಿತು.

"ಸಿಹಿ ವಾಸನೆ," ಅಂದಳು. ಎಲೆಗಳನ್ನು ಸರಿಸಿದಳು. ಅಡಿಯಲ್ಲಿ ಮುಷ್ಟಿಗಾತ್ರದ ದುಂಡನೆಯ ತಗ್ಗು. ಪ್ರತಿ ಪೆಟ್ಟಿಗೆಯಲ್ಲೂ ಒಂದೊಂದು. "ಇಲ್ಲಿ ಏನಾದ್ರೂ ಇಟ್ಟಿದ್ದೆಯೇನಮ್ಮ?"

"ಇಲ್ಲ ಅಜ್ಜಿ. ಹೂ ಬಿಟ್ರೆ ಏನೂ ಇರಲಿಲ್ಲ."

"ಶೆಡ್ಡಿಗೆ ಯಾರ್ಯಾರು ಬರ್ತಾರೆ?"

ಸ್ವಯಂಸೇವಕರ ಹೊರತು ಯಾರೂ ಮನೆಯಿಂದ ಹೊರಬರುವಂತಿರಲಿಲ್ಲವಾದ್ದರಿಂದ ಮೂವರೇ: ಔಷಧಿ ಸಿಂಪಡಿಸುವ ಸಮಿತಿಯ ಫಂಗ್ ಮೇಡಂ, ಪೆಟ್ಟಿಗೆ ಹೊರುವ ನಾಲ್ಕನೇ ಮಹಡಿಯ ಮಾ, ಮತ್ತು ಅಡುಗೆಮನೆಯ ಬಾಗಿಲೇ ಶೆಡ್ಡಿಗೆ ತೆರೆಯುವ ನೆಲಮಹಡಿಯ ಶೆನ್ ತಾತ.

"ಮೂರು ಮನೆಗೂ ಹೋಗಿ, ಮಂಗಳವಾರ ಸಮಿತಿ ಹಂಚಿದ ಚೀಲದ ಹಣ್ಣು ಹೇಗಿತ್ತು ಅಂತ ಕೇಳೋಣ ನಡಿ."

"ಅಕ್ಕ, ಇಲ್ಲಿ ಹೂವಿನ ಕೊಲೆ ಆಗಿದೆ. ನೀವು ಹಣ್ಣಿನ ರುಚಿ ಕೇಳೋಕೆ ಹೊರಟ್ರಲ್ಲ!" ಅಂದ ದಿಂಗ್.

"ಬಾಯ್ಮುಚ್ಚಿ ಫ್ಲಾಸ್ಕು ತಗೊಂಡು ಬಾ ಮಾರಾಯ."

ಚೀಲದಲ್ಲಿ ಮನೆಗೆ ಆರು ಸೇಬು, ಆರು ಕಿವಿ ಹಣ್ಣು ಬಂದಿದ್ದವು. ವಠಾರಕ್ಕೆ ಹಣ್ಣು ತರಿಸುವ ಉಸ್ತುವಾರಿ ಹೊತ್ತವನು ಮಾ. ಹಣ್ಣಿನ ಲಾರಿಯ ಸರದಿ ಹೂವಿನ ಲಾರಿಗೆ ಹೋಯಿತೆಂದು ಅವನಿಗೆ ಸುವೆನ್ ಮೇಲೆ ಕುದಿ. "ಹೂ ತಿಂದ್ರೆ ಹೊಟ್ಟೆ ತುಂಬುತ್ತಾ? ಸೇಬು ಆರೂ ಖಾಲಿ. ನೋಡಿ, ಚಹಾಕ್ಕೆ ಸಿಪ್ಪೆ ಒಣಹಾಕಿದ್ದೀನಿ. ಕಿವಿ ಹಣ್ಣಾ? ಅದರಲ್ಲೇ ಗೋಡೆಗೆ ಮೊಳೆ ಹೊಡ್ಕೊಂಡೆ." ಹಗ್ಗದ ಮೇಲೆ ಆರು ಉದ್ದನೆಯ ಸಿಪ್ಪೆಗಳು ರಿಬ್ಬನ್ನಿನಂತೆ ತೂಗುತ್ತಿದ್ದವು.

ಫಂಗ್ ಮೇಡಂ ಮೇಜಿನ ಮೇಲೆ ಆರೂ ಸೇಬುಗಳು ಶಾಲೆಯ ಮಕ್ಕಳಂತೆ ಸಾಲಾಗಿ ಕೂತಿದ್ದವು. ಕಲ್ಲಿನಂಥ ಕಿವಿ ಹಣ್ಣುಗಳು ಗಂಟಲು ಪರೀಕ್ಷೆಯ ಕಾಗದಗಳು ಹಾರದಂತೆ ಭಾರಕ್ಕೆ ಕೂತಿದ್ದವು. "ತಿನ್ನೋಕೆ ಪುರುಸೊತ್ತು ಎಲ್ಲಿದೆ ಅಕ್ಕ?" ಅಂದರು.

ಶೆನ್ ತಾತನಿಗೆ ಎಪ್ಪತ್ತೊಂಬತ್ತು. ಅವನ ಅಮ್ಮನಿಗೆ ತೊಂಬತ್ತೊಂಬತ್ತು. ಕಿಟಕಿಯ ಪಕ್ಕ ಕುರ್ಚಿಯಲ್ಲಿ ಹಗಲೆಲ್ಲ ತೂಕಡಿಸುತ್ತ, ಬಾಯಿಗೆ ಚಮಚ ತಾಕಿದಾಗ ಮಾತ್ರ ಬಾಯಿ ತೆರೆಯುವಾಕೆ. ತಾತ ಅವಳಿಗೆ ಬೆಣ್ಣೆಯಂತೆ ಮೆತ್ತಗಾದ ಕಿವಿ ಹಣ್ಣನ್ನು ತಿನ್ನಿಸುತ್ತಿದ್ದ. ಅವನ ಪಾಲಿನ ಅನ್ನದ ಗಂಜಿ ಮೇಜಿನ ಮೇಲಿತ್ತು. ಪಕ್ಕದಲ್ಲಿ ಕರವಸ್ತ್ರದ ಮೇಲೆ, ಎರಡು ತುಂಡಾದ ಹಲ್ಲಿನ ಸೆಟ್ಟು ದಂತವೈದ್ಯರ ಬಾಗಿಲು ತೆರೆಯುವುದನ್ನು ಕಾಯುತ್ತ ಮಲಗಿತ್ತು.

"ಸೇಬಾ? ಕರುಂ ಕರುಂ ಅಂತ ಕಚ್ಚಿ ತಿಂದೆ," ಅಂದ ತಾತ, ಕಣ್ಣು ತಪ್ಪಿಸಿ. "ಹೂವಂತೆ ಹೂವು! ನಮ್ಮ ಕಾಲದಲ್ಲಿ ಅಮ್ಮನಿಗೆ ಎಲೆಕೋಸು ಕೊಡ್ತಿದ್ವಿ."

ಸಂಜೆ ಐದಕ್ಕೆ ಸಭೆ. ಗುಂಪು ಸೇರುವ ಹಾಗಿರಲಿಲ್ಲ. ಹಾಗಾಗಿ ಆರು ಮಹಡಿಯ ಜನವೂ ಕಿಟಕಿಗಳಲ್ಲಿ ನಿಂತರು. ಅಂಗಳದ ನಡುವೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತ ಅಜ್ಜಿ, ದಿನಾ ಗಂಟಲು ಪರೀಕ್ಷೆಗೆ ಕೂಗುವ ಕೈಮೈಕು ಹಿಡಿದಳು.

"ಹೂ ಹಳೇದಲ್ಲ. ಅದೇ ಲಾರಿಯ ಹನ್ನೊಂದು ಹೂ ಈ ಹುಡುಗಿಯ ಕಿಟಕಿಯಲ್ಲಿ ಚೆನ್ನಾಗಿವೆ, ತಲೆ ಎತ್ತಿ ನೋಡಿ. ಔಷಧಿ ತಾಗಿದ್ರೆ ಸೇವಂತಿಗೆಯೂ ಬಾಡಬೇಕಿತ್ತು. ಶಾಪ ತಟ್ಟೋದಿದ್ರೆ ಮೊದಲು ಹೂವಿಗೆ ಬೈದ ಮಾ ಬಾಡಬೇಕಿತ್ತು."

"ನನ್ನ ಯಾಕೆ ಎಳೀತೀರಿ?" ಎಂದು ನಾಲ್ಕನೇ ಮಹಡಿ ಗುಡುಗಿತು.

"ಹಣ್ಣಾದ ಸೇಬು ಸುಮ್ಮನೆ ಕೂರಲ್ಲ, ಉಸಿರು ಬಿಡುತ್ತೆ. ಆ ಉಸಿರಿಗೆ ಪಕ್ಕದ ಕಾಯಿ ಹಣ್ಣಾಗುತ್ತೆ. ಸೇವಂತಿಗೆಗೆ ಅದು ಲೆಕ್ಕಕ್ಕಿಲ್ಲ. ಕಾರ್ನೇಶನ್ ಮಾತ್ರ ಮಡಚಿ ಮಲಗಿಬಿಡುತ್ತೆ."

ಸುವೆನ್ ಹಣೆ ಬಡಿದುಕೊಂಡಳು. "ಹಣ್ಣಿನ ಹತ್ತಿರ ಹೂ ಇಡಬೇಡ ಅಂತ ಕೆಲಸ ಕಲಿಸಿದೋರು ಮೊದಲ ದಿನಾನೇ ಹೇಳಿದ್ರು! ಆದ್ರೆ ಶೆಡ್ಡಲ್ಲಿ ಹಣ್ಣೇ ಇರಲಿಲ್ಲವಲ್ಲ!"

"ಬೆಳಿಗ್ಗೆ ನೀನು ಬರೋ ಮೊದಲೇ ಎತ್ಕೊಂಡು ಹೋದ್ರು. ಆದ್ರೆ ತಗ್ಗು ಉಳೀತು. ಆರು ತಗ್ಗು, ಅಂದ್ರೆ ಒಂದು ಮನೆಯ ಪಾಲು. ಫಂಗ್ ಸೇಬು ಆರೂ ಮೇಜಿನ ಮೇಲಿವೆ. ಮಾ ಸುಲಿದ ಸಿಪ್ಪೆ ಆರೂ ಹಗ್ಗದ ಮೇಲಿವೆ. ಇನ್ನೊಬ್ಬರು ಕಚ್ಚಿ ತಿಂದೆ ಅಂದ್ರು; ಅವರ ಹಲ್ಲು ಕರವಸ್ತ್ರದಲ್ಲಿ ಮಲಗಿತ್ತು! ಇಡೀ ವಠಾರದ ಕಿವಿ ಹಣ್ಣು ಕಲ್ಲಾಗಿರುವಾಗ ಅವರ ಮನೇದು ಮಾತ್ರ ಬೆಣ್ಣೆ. ಸೇಬಿನ ಗುಟ್ಟು ಅವರಿಗೆ ಗೊತ್ತು. ಶೆನ್, ಸೇಬು ಎಲ್ಲಿವೆಯಪ್ಪ?"

ನೆಲಮಹಡಿಯ ಕಿಟಕಿಯಲ್ಲಿ ಒಂದು ಬೋಳುತಲೆ ತಗ್ಗಿತು. "ಅಮ್ಮನ ಮಂಚದ ಕೆಳಗೆ."

"ಯಾಕಪ್ಪ ಹೀಗೆ ಮಾಡಿದೆ?"

"ಗುರುವಾರ ಈ ಹುಡುಗಿ ಫೋನಲ್ಲಿ ಅಳ್ತಿದ್ಲು. ಹೂ ಅರ್ಧವೇ ಅರಳಿವೆ, ಭಾನುವಾರಕ್ಕೆ ಪೂರ್ತಿ ಅರಳ್ತವೋ ಇಲ್ಲವೋ ಅಂತ. ಕಲ್ಲಿನಂಥ ಕಾಯನ್ನೇ ಮಾಗಿಸೋ ಸೇಬು ಹೂ ಅರಳಿಸಲ್ವಾ ಅಂದ್ಕೊಂಡೆ. ನಂದೂ ಒಂದು ಕಟ್ಟು ಇತ್ತು ಅದರಲ್ಲಿ." ಅವನು ತೋಳಿಂದ ಕಣ್ಣೊರೆಸಿಕೊಂಡ. "ಅಮ್ಮನಿಗೆ ಅಂತ."

ಅರ್ಧ ನಿಮಿಷ ವಠಾರದಲ್ಲಿ ಯಾರೂ ಉಸಿರಾಡಲಿಲ್ಲ. ಅಷ್ಟು ಹೊತ್ತು ಉಳಿದ ಗಾಳಿಯಲ್ಲಿ ಇನ್ನೊಂದು ಊರು ಬದುಕಬಹುದಿತ್ತು.

"ಹುಡುಗಿಯ ತಪ್ಪಿಲ್ಲ, ಸರಿ," ಅಂದರು ಫಂಗ್ ಮೇಡಂ. "ಆದ್ರೆ ನಾಳೆ? ಹನ್ನೊಂದು ಹೂ, ಎಂಬತ್ತನಾಲ್ಕು ಅಮ್ಮಂದಿರು. ಉಳಿದವರಿಗೆ ಏನಂತೀಯಮ್ಮ? ಮಲಗಿರೋದನ್ನ ಎಬ್ಬಿಸೋಕಾಗುತ್ತಾ?"

"ಆಗಲ್ಲ ಮೇಡಂ," ಅಂದಳು ಸುವೆನ್. ಸುಳ್ಳು ಹೇಳಲಿಲ್ಲ.

ಆಗ ನೆಲಮಹಡಿಯ ಕುರ್ಚಿಯಲ್ಲಿ ತೊಂಬತ್ತೊಂಬತ್ತರ ಅಮ್ಮ ಕಣ್ಣು ತೆರೆದಳು. "ಪುಟ್ಟಾ, ಯಾಕೋ ಅಳ್ತೀಯ?" ಎಂದು ಎಪ್ಪತ್ತೊಂಬತ್ತರ ಮಗನನ್ನು ಕೇಳಿದಳು.

ಸುವೆನ್ ಓಡಿಹೋಗಿ ಎರಡು ಹೂ, ಅರಳಿದ್ದೊಂದು ಮಡಚಿದ್ದೊಂದು, ತಂದು ಕಿಟಕಿಗೆ ಹಿಡಿದಳು. "ಅಜ್ಜಿ, ವಠಾರಕ್ಕೆಲ್ಲ ದೊಡ್ಡ ಅಮ್ಮ ನೀವು. ಅರಳಿರೋದು ಇದು, ತಗೊಳ್ಳಿ."

ಮುದುಕಿ ಅರಳಿದ್ದನ್ನು ನೋಡಿದಳು. ಮಡಚಿದ್ದನ್ನು ನೋಡಿದಳು. ಬಹಳ ಹೊತ್ತಾದ ಮೇಲೆ ಮಡಚಿದ್ದನ್ನೇ ತೆಗೆದುಕೊಂಡು ಕೆನ್ನೆಗೆ ಒತ್ತಿದಳು.

"ಊರಿಗೆ ಊರೇ ಮಲಗಿದೆ. ಹೂ ಒಂದು ಮಲಗಿದ್ದಕ್ಕೆ ಇಷ್ಟು ಗದ್ದಲವೇನ್ರೋ?"

ನಾರು ತೇಲುತ್ತಿತ್ತು. ನಾಲ್ಕನೇ ಮಹಡಿಯ ಕಿಟಕಿಯಿಂದ ಮಾ ತಲೆ ಹೊರಚಾಚಿದ. "ಸುವೆನ್, ನಮ್ಮಮ್ಮನಿಗೂ ಮಲಗಿರೋದೇ ಕೊಡಮ್ಮ." ಆಮೇಲೆ ಎರಡನೇ ಮಹಡಿ, ಐದನೆಯದು, ಆರನೆಯದು. ಅರಳಿದ ಹನ್ನೊಂದನ್ನು ಕೊನೆಗೂ ಯಾರೂ ಕೇಳಲಿಲ್ಲವೆಂದು ದಿಂಗ್ ಹೇಳುತ್ತಾನೆ.

ಫಂಗ್ ಮೇಡಂ ಮೊಣಕಾಲ ಮೇಲೆಯೇ ಕಾಗದ ಇಟ್ಟು ಬರೆದು, ಸಮಿತಿಯ ಮುದ್ರೆ ಒತ್ತಿ ಸುವೆನ್ ಕೈಗಿತ್ತರು. ಅವಳು ಅದನ್ನು ಗಟ್ಟಿಯಾಗಿ ಓದಿದಳು. ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಓದಿದಳು:

"ಬುಧವಾರ, ಹೂವಿನ ಲಾರಿ. ಒಳಗೆ ಬಿಡುವುದು."